ನೀವು ಕೇಳಿದಿರಿ: ಪೋಪರ ಪತ್ರಕ್ಕೂ ನಮ್ಮ ಟ್ಯಾಂಕರ್ ನೀರಿಗೂ ಏನು ಸಂಬಂಧ?

ಹೋದ ತಿಂಗಳು ಇದೇ ಪುಟದಲ್ಲಿ ‘ಲೌದಾತೊ ಸಿ’ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದು ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಬರೆದ ವಿಶ್ವಪರಿಪತ್ರ, ಅಂದರೆ ಎಲ್ಲರೂ ಓದಲಿ ಅಂತ ಪೋಪ್ ಬರೆಯುವ ಬೋಧನೆಯ ಪತ್ರ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದವು. ಕೆಲವರು ಮೆಚ್ಚಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಬೈದವರ ಪ್ರಶ್ನೆಗಳೇ ಹೆಚ್ಚು ಚೆನ್ನಾಗಿವೆ, ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ಪ್ರ: ಭಾನುವಾರ ಪೂಜೆಗೆ ಹೋದರೆ ಪ್ರಬೋಧನೆಯಲ್ಲಿ ಕಸ, ಕೆರೆ, ಪ್ಲಾಸ್ಟಿಕ್ಕು. ಆತ್ಮ, ಪಾಪ, ಪಶ್ಚಾತ್ತಾಪ ಎಲ್ಲ ಎಲ್ಲಿ ಹೋದವು? ನಮ್ಮ ಅಜ್ಜಿಯ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಈಗಿನ ಫ್ಯಾಷನ್ ಅಲ್ವಾ ಇದು? (ಓದುಗರು, ಕಮ್ಮನಹಳ್ಳಿ)

ಅಜ್ಜಿಯ ಕಾಲದ ಪ್ರಬೋಧನೆಯಲ್ಲಿ ಇರಲಿಲ್ಲ, ನಿಜ. ಅಜ್ಜಿಯ ಅಡುಗೆಮನೆಯಲ್ಲಿ ಇತ್ತು. ನಮ್ಮಜ್ಜಿ ಆನೇಕಲ್ ಕಡೆಯವರು. ಅಕ್ಕಿ ತೊಳೆದ ಕಲಗಚ್ಚು ಹಸುವಿಗೆ, ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ, ಒಲೆಯ ಬೂದಿ ಮತ್ತೆ ಪಾತ್ರೆ ಉಜ್ಜೋದಕ್ಕೆ. ಬಿಸಾಕುವುದಕ್ಕೆ ಅಂತ ಆ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವರಿಗೆ ಯಾರೂ ಪ್ರಬೋಧನೆ ಕೊಡಬೇಕಾಗಿರಲಿಲ್ಲ, ನಮಗೆ ಕೊಡಬೇಕಾಗಿದೆ.

ಇನ್ನು ಫ್ಯಾಷನ್ ಅನ್ನುವ ಮಾತು. 1891ರ ಮೇ 15ರಂದು ಆಗಿನ ಪೋಪ್ ಹದಿಮೂರನೇ ಲಿಯೋ ‘ರೇರುಮ್ ನೊವಾರುಮ್’ ಎಂಬ ಪತ್ರ ಬರೆದರು. ವಿಷಯ ಕಾರ್ಖಾನೆ ಕೆಲಸಗಾರರ ಕೂಲಿ, ಅವರು ಸಂಘ ಕಟ್ಟಿಕೊಳ್ಳುವ ಹಕ್ಕು. ಪೋಪ್‌ಗೆ ಫ್ಯಾಕ್ಟರಿ ಉಸಾಬರಿ ಯಾಕೆ ಅಂತ ಆಗಲೂ ಯಾರೋ ಗೊಣಗಿರಲೇಬೇಕು. ನಾವು ಇವತ್ತು ‘ಧರ್ಮಸಭೆಯ (ಅಂದರೆ ಚರ್ಚಿನ) ಸಾಮಾಜಿಕ ಬೋಧನೆ’ ಅನ್ನುವುದು ಅಲ್ಲಿಂದ ಬೆಳೆದು ಬಂದದ್ದು. ಆ ಪತ್ರಕ್ಕೆ 80 ವರ್ಷ ತುಂಬಿದಾಗ, 1971ರಲ್ಲಿ, ಆರನೇ ಪೌಲ್ ಇನ್ನೊಂದು ಪತ್ರ ಬರೆದರು. ಮನುಷ್ಯ ಪ್ರಕೃತಿಯನ್ನು ಹೀಗೇ ಸುಲಿಯುತ್ತಾ ಹೋದರೆ ಕೊನೆಗೆ ತಾನೇ ಅದಕ್ಕೆ ಬಲಿಯಾಗುತ್ತಾನೆ ಅಂತ ಅದರಲ್ಲಿ ಎಚ್ಚರಿಸಿದರು. 1990ರ ಜನವರಿ 1ರ ಶಾಂತಿ ಸಂದೇಶವನ್ನು ಎರಡನೇ ಜಾನ್ ಪೌಲ್ ಪೂರ್ತಿ ಪರಿಸರಕ್ಕೇ ಮೀಸಲಿಟ್ಟರು. ಹದಿನಾರನೇ ಬೆನೆಡಿಕ್ಟ್ ಕಾಲದಲ್ಲಿ, 2008ರಲ್ಲಿ, ವ್ಯಾಟಿಕನ್ನಿನ ದೊಡ್ಡ ಸಭಾಂಗಣದ ಚಾವಣಿ ಮೇಲೆ 2,000ಕ್ಕೂ ಹೆಚ್ಚು ಸೌರ ಫಲಕ ಹಾಕಿಸಿದರು. ಆಮೇಲೆ ಫ್ರಾನ್ಸಿಸ್ ಬಂದರು, ‘ಲೌದಾತೊ ಸಿ’ ಬಂತು, 2023ರ ಅಕ್ಟೋಬರ್ 4ಕ್ಕೆ ಅದರ ಮುಂದುವರಿಕೆಯಾಗಿ ‘ಲೌದಾತೆ ದೇಯುಮ್’ ಬಂತು. ಈಗಿನವರು ಹದಿನಾಲ್ಕನೇ ಲಿಯೋ. ಆ ಹೆಸರನ್ನೇ ಇಟ್ಟುಕೊಂಡಿದ್ದಕ್ಕೆ 1891ರ ಆ ಪತ್ರವೂ ಕಾರಣ ಅಂತ ಅವರೇ ಹೇಳಿದ್ದಾರೆ. ಐವತ್ತು ವರ್ಷ ದಾಟಿದ ಫ್ಯಾಷನ್ ಅನ್ನಬೇಕು.

ಆದರೆ ನಿಮ್ಮ ಸಿಟ್ಟಿನಲ್ಲಿ ಒಂದು ನ್ಯಾಯ ಇದೆ. ಎಷ್ಟೋ ಕಡೆ ಪರಿಸರ ಅಂದರೆ ಜೂನ್ 5ಕ್ಕೆ ಒಂದು ಸಸಿ, ಒಂದು ಫೋಟೋ, ಎರಡು ಭಾಷಣ, ಆಮೇಲೆ ಸಮೋಸ. ಪತ್ರದ ಜೀವ ಅದಲ್ಲ. ಭೂಮಿಯ ಅಳು, ಬಡವರ ಅಳು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ ಅಂತ ಫ್ರಾನ್ಸಿಸ್ ಹೇಳುತ್ತಾರೆ. ನಾನು ಇದನ್ನು ನಮ್ಮ ಭಾಷೆಯಲ್ಲಿ ಹೀಗೆ ಕೇಳಿಕೊಳ್ಳುತ್ತೇನೆ: ನನ್ನ ಅನುಕೂಲದ ಖರ್ಚು ಯಾರ ತಲೆ ಮೇಲೆ ಬೀಳುತ್ತಿದೆ? ಈ ಪ್ರಶ್ನೆ ಕೇಳಿಕೊಂಡ ಮೇಲೆ ಪಾಪ, ಪಶ್ಚಾತ್ತಾಪ ಎಲ್ಲವೂ ತಾವಾಗಿಯೇ ವಾಪಸ್ಸು ಬರುತ್ತವೆ, ನೋಡಿ.

ಪ್ರ: ನಾನು ಕ್ರೈಸ್ತನಲ್ಲ, ಆದರೂ ನಿಮ್ಮ ಅಂಕಣ ಓದುತ್ತೇನೆ. ಭೂಮಿಯನ್ನು ವಶ ಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಅಂತ ಬೈಬಲಿನ ಮೊದಲ ಪುಟದಲ್ಲೇ ಇದೆಯಲ್ಲ. ಮೊದಲು ಅದನ್ನು ಅಳಿಸಿ, ಆಮೇಲೆ ಪರಿಸರ ಅನ್ನಿ. (ಓದುಗರು, ಬಸವನಗುಡಿ)

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಇದೇ ಮಾತನ್ನು 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದು ದೊಡ್ಡ ಗಲಾಟೆ ಎಬ್ಬಿಸಿದ್ದರು. ಪರಿಸರ ಈ ಗತಿಗೆ ಬರಲು ಪಶ್ಚಿಮದ ಕ್ರೈಸ್ತಧರ್ಮದ ಪಾಲು ದೊಡ್ಡದು ಅನ್ನುವುದು ಅವರ ವಾದ. ಅದೇ ಲೇಖನದ ಕೊನೆಗೆ ಅವರೊಂದು ಸಲಹೆಯನ್ನೂ ಕೊಟ್ಟಿದ್ದರು: ಪ್ರಾಣಿಪಕ್ಷಿಗಳನ್ನು ಅಣ್ಣತಮ್ಮ ಅಂದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದವರ ಪಾಲಕ ಸಂತರನ್ನಾಗಿ ಮಾಡಿಕೊಳ್ಳಿ ಅಂತ. ಹನ್ನೆರಡು ವರ್ಷ ಆದ ಮೇಲೆ, 1979ರಲ್ಲಿ, ಎರಡನೇ ಜಾನ್ ಪೌಲ್ ಅದನ್ನೇ ಮಾಡಿದರು. ಬೈದವರ ಮಾತು ಕೇಳಿ ಮಾಡಿದರೋ, ತಾವಾಗಿಯೇ ಮಾಡಿದರೋ, ಅದು ಬೇರೆ ವಿಷಯ.

ಆ ಮೊದಲ ಪುಟವನ್ನು ಕ್ರೈಸ್ತರು ತಪ್ಪಾಗಿ ಓದಿದ್ದುಂಟು ಅಂತ ‘ಲೌದಾತೊ ಸಿ’ಯ 67ನೇ ಪರಿಚ್ಛೇದ ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ಳುತ್ತದೆ. ಅಳಿಸುವುದಕ್ಕಿಂತ ಪುಟ ತಿರುಗಿಸುವುದು ಒಳ್ಳೆಯದು. ಆದಿಕಾಂಡ 2ನೇ ಅಧ್ಯಾಯದ 15ನೇ ವಾಕ್ಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಉಳುಮೆ ಮಾಡಲಿಕ್ಕೆ ಮತ್ತು ಕಾಯಲಿಕ್ಕೆ. ಕಾಯುವುದು ಅನ್ನುವುದಕ್ಕೆ ಅಲ್ಲಿರುವ ಹೀಬ್ರೂ ಪದ ‘ಶಮಾರ್’. ಎರಡು ಅಧ್ಯಾಯ ಮುಂದೆ ಹೋದರೆ ಕಾಯಿನ ತಮ್ಮನನ್ನು ಕೊಂದು, ‘ನಾನೇನು ನನ್ನ ತಮ್ಮನನ್ನು ಕಾಯುವವನೋ?’ ಅಂತ ದೇವರಿಗೇ ಎದುರು ಮಾತಾಡುತ್ತಾನಲ್ಲ, ಅಲ್ಲೂ ಅದೇ ಪದ. ತೋಟ ಕಾಯುವುದಕ್ಕೂ ತಮ್ಮನನ್ನು ಕಾಯುವುದಕ್ಕೂ ಒಂದೇ ಮಾತು.

ಇನ್ನೂ ಇದೆ. ಶತ್ರುವಿನ ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡಿ ಅಂತ ಧರ್ಮೋಪದೇಶಕಾಂಡ ಹೇಳುತ್ತದೆ. (ರಸ್ತೆ ಅಗಲ ಮಾಡುವವರು ಇದನ್ನೊಮ್ಮೆ ಓದಬೇಕು.) ಏಳನೇ ವರ್ಷ ಹೊಲಕ್ಕೆ ರಜೆ ಕೊಡಿ, ಅಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗಳಿಗೆ ಅಂತ ಇನ್ನೊಂದು ಕಡೆ. ಯಾಜಕಕಾಂಡ 25ರಲ್ಲಂತೂ ದೇವರು ಖಡಾಖಂಡಿತವಾಗಿ ಹೇಳುತ್ತಾನೆ: ಭೂಮಿ ನನ್ನದು, ನೀವು ಇಲ್ಲಿ ಬಂದು ತಂಗಿದವರು ಅಷ್ಟೇ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಬಾಡಿಗೆದಾರರು. ಖಾಲಿ ಮಾಡುವಾಗ ಓನರ್ ಗೋಡೆ, ನಲ್ಲಿ ಎಲ್ಲ ನೋಡಿ, ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ ಅನ್ನುವುದು ನೆನಪಿದ್ದರೆ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಯೋಚಿಸುತ್ತೇವೆ ತಾನೇ.

ಪ್ರ: ನಾವಿರುವುದು ವೈಟ್‌ಫೀಲ್ಡ್ ಕಡೆ, ಅಪಾರ್ಟ್‌ಮೆಂಟಿನಲ್ಲಿ. ಬೋರ್‌ವೆಲ್ ಇದೆ, ಸಾಲದಿದ್ದರೆ ಟ್ಯಾಂಕರ್ ತರಿಸುತ್ತೇವೆ. ಯಾರ ಹತ್ತಿರವೂ ಕದಿಯುತ್ತಿಲ್ಲ, ದುಡ್ಡು ಕೊಟ್ಟೇ ತರಿಸುತ್ತೇವೆ. ಇದರಲ್ಲಿ ಧರ್ಮ ಎಲ್ಲಿ ಬಂತು? (ಓದುಗರು)

ಟ್ಯಾಂಕರ್ ಎಲ್ಲಿಂದ ತುಂಬಿಕೊಂಡು ಬರುತ್ತದೆ ಅಂತ ಡ್ರೈವರನ್ನು ಒಮ್ಮೆ ಕೇಳಿ ನೋಡಿ. ಸಾಮಾನ್ಯವಾಗಿ ಊರಾಚೆಯ ಯಾವುದೋ ತೋಟದ ಬೋರ್‌ವೆಲ್ಲಿನಿಂದ. ಆ ತೋಟದ ಯಜಮಾನನಿಗೆ ರಾಗಿ, ತರಕಾರಿ ಬೆಳೆಯುವುದಕ್ಕಿಂತ ನೀರು ಮಾರುವುದೇ ಲಾಭ. ಅವನನ್ನೂ ಬೈಯುವಂತಿಲ್ಲ. ಆದರೆ ಭೂಮಿಯೊಳಗಿನ ನೀರಿಗೆ ಕಾಂಪೌಂಡ್ ಇಲ್ಲ. ಅವನು ಸಾವಿರ ಅಡಿಯಿಂದ ಎಳೆದು ನಿಮಗೆ ಕೊಟ್ಟರೆ ಪಕ್ಕದ ಹೊಲದವನ ಮುನ್ನೂರು ಅಡಿಯ ಬೋರ್ ಗಾಳಿ ಉಗುಳುತ್ತದೆ. ನೀವು ಕದ್ದಿಲ್ಲ, ತೋಟದವನು ಕದ್ದಿಲ್ಲ, ಟ್ಯಾಂಕರಿನವನು ಕದ್ದಿಲ್ಲ. ಆದರೂ ಆ ಪಕ್ಕದ ಹೊಲದವನ ನೀರು ಹೋಯಿತು. ಅವನು ಪೊಲೀಸ್ ಸ್ಟೇಷನ್ನಿಗೆ ಹೋದರೆ ಯಾರ ಮೇಲೆ ದೂರು ಬರೆಸುತ್ತಾನೆ, ಹೇಳಿ?

ಧರ್ಮಸಭೆ ಆಸ್ತಿಯ ವಿರುದ್ಧ ಇಲ್ಲ. 1891ರ ಪತ್ರದಲ್ಲಿ ಲಿಯೋ ಸ್ವಂತ ಆಸ್ತಿಯ ಹಕ್ಕನ್ನು ಬಲವಾಗಿಯೇ ಎತ್ತಿ ಹಿಡಿದರು, ಆಗಿನ ಸಮಾಜವಾದಿಗಳಿಗೆ ಅದು ಸೇರಲಿಲ್ಲ. ಆದರೆ ಅದರ ಜೊತೆಗೇ ಹಳೆಯ ಕಾಲದಿಂದ ಇನ್ನೊಂದು ಮಾತು ಬಂದಿದೆ: ದೇವರು ಭೂಮಿಯ ಸಂಪತ್ತನ್ನು ಕೊಟ್ಟದ್ದು ಎಲ್ಲರಿಗೂ, ಆದ್ದರಿಂದ ನನ್ನ ಹೆಸರಿನಲ್ಲಿ ಇರುವುದರಲ್ಲೂ ಮಿಕ್ಕವರ ಪಾಲು ಇದೆ. ಎರಡನೇ ಜಾನ್ ಪೌಲ್ ಇದಕ್ಕೆ ಒಂದು ಗಟ್ಟಿ ಹೋಲಿಕೆ ಕೊಟ್ಟರು. ಆಸ್ತಿಯ ಮೇಲೆ ‘ಸಾಮಾಜಿಕ ಅಡಮಾನ’ ಇದೆ ಅಂದರು. ಲೋನ್ ತಗೊಂಡು ಸೈಟ್ ಕೊಂಡವರಿಗೆ ತಕ್ಷಣ ಅರ್ಥವಾಗುತ್ತದೆ. ಪತ್ರ ನಿಮ್ಮ ಹೆಸರಿಗೇ ಇರುತ್ತದೆ, ಅದರ ಮೇಲೆ ಬ್ಯಾಂಕಿನ ಹಕ್ಕೂ ಇರುತ್ತದೆ. ಇಲ್ಲಿ ಬ್ಯಾಂಕಿನ ಜಾಗದಲ್ಲಿ ಪಕ್ಕದ ಹೊಲದವನು ನಿಂತಿದ್ದಾನೆ.

ನೀರಿನ ವಿಷಯದಲ್ಲಿ ‘ಲೌದಾತೊ ಸಿ’ ಇನ್ನೂ ನೇರ. ಕುಡಿಯುವ ಶುದ್ಧ ನೀರು ಮೂಲಭೂತ ಮಾನವ ಹಕ್ಕು, ಅದಿಲ್ಲದ ಬಡವರಿಗೆ ಲೋಕ ಸಾಲಗಾರ ಅಂತ 30ನೇ ಪರಿಚ್ಛೇದದಲ್ಲಿದೆ. ಈಗ ನಮ್ಮ ಊರಿನ ಲೆಕ್ಕ ನೋಡಿ. ಕಾವೇರಿ ನಮಗೆ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತಾಳೆ, ಅದೂ ಹರಿದು ಬರುವುದಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಬಿಂದಿಗೆ ಹಿಡಿದು ನಿಂತಿದ್ದು ನೆನಪಿರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ಆಗಲೇ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಜಾಸ್ತಿ ತರುವ ಯೋಜನೆ. ಒಳ್ಳೆಯದೇ. ಆರನೇ ಹಂತ, ಏಳನೇ ಹಂತ ಅಂತ ಹೋಗುತ್ತಾ ಇರಬಹುದು, ಆದರೆ ಕಾವೇರಿ ಇರುವುದು ಒಬ್ಬಳೇ.

ಮಾಡಬಹುದಾದ್ದು ಇದೆ, ಅದೂ ನೀವಂದುಕೊಂಡಷ್ಟು ಕಷ್ಟವಲ್ಲ. ಮೊದಲು ಪ್ರತಿ ಫ್ಲಾಟಿಗೂ ಪ್ರತ್ಯೇಕ ನೀರಿನ ಮೀಟರ್ ಹಾಕಿಸಿ. ಎಲ್ಲರ ಬಿಲ್ಲನ್ನೂ ಸಮನಾಗಿ ಹಂಚಿದರೆ ಬಕೆಟ್ಟಿನಲ್ಲಿ ಸ್ನಾನ ಮಾಡುವ ಅಜ್ಜ, ಬಾತ್‌ಟಬ್ ತುಂಬಿಸುವವರ ಬಿಲ್ ಕಟ್ಟಿದ ಹಾಗಾಗುತ್ತದೆ. ಎರಡನೆಯದು ಮಳೆ. ಒಂದು 30x40 ಅಡಿ ಸೈಟಿನ ಚಾವಣಿ ಪೂರ್ತಿ ಹಿಡಿದರೆ ಬೆಂಗಳೂರಿನ ಮಳೆಗೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಬೀಳುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಚಾವಣಿ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ. ಮಳೆ ಕೊಯ್ಲು ಇಲ್ಲಿ 2009ರಿಂದ ಕಡ್ಡಾಯ, ಎಷ್ಟೋ ಕಡೆ ಪೈಪು ಇದೆ, ಅದು ಹೋಗಿ ಸೇರುವುದು ಮೋರಿಗೆ. ಒಂದೆರಡು ಇಂಗುಬಾವಿ ತೋಡಿಸಿ. ತಲೆತಲಾಂತರದಿಂದ ಬಾವಿ ತೋಡುವ ಒಡ್ಡರ ಕುಟುಂಬಗಳು ನಮ್ಮ ಸುತ್ತಮುತ್ತ ಇನ್ನೂ ಇವೆ. ಅವರಿಗೂ ಕೆಲಸ ಸಿಗುತ್ತದೆ, ಭೂಮಿಗೂ ನೀರು.

ಮೂರನೆಯದಕ್ಕೆ ದುಡ್ಡೇ ಬೇಡ. ನಿಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನ ಮನೆಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳಿ. ನಾನು ಈ ಪ್ರಶ್ನೆ ಕೇಳಿದ್ದು ನಮ್ಮ ಮನೆಗೆ ಅವರು ಬರಲು ಶುರು ಮಾಡಿ ಆರು ವರ್ಷ ಆದ ಮೇಲೆ. ನಾಚಿಕೆಯಾಯಿತು. ವಾರಕ್ಕೆ ಎರಡು ಸಲ, ರಾತ್ರಿ ಒಂದು ಗಂಟೆಗೆ. ಅವರು ಬೆಳಗ್ಗೆ ಆಕಳಿಸುತ್ತಾ ಬಂದಾಗಲೆಲ್ಲ ರಾತ್ರಿಯೆಲ್ಲ ಟಿವಿ ನೋಡಿರಬೇಕು ಅಂದುಕೊಂಡಿದ್ದೆ.

ಪ್ರ: ಕಸ ಬೇರೆ ಬೇರೆ ಮಾಡಿ ಕೊಡದಿದ್ದರೆ ಅದನ್ನು ಪಾಪನಿವೇದನೆಯಲ್ಲಿ ಹೇಳಬೇಕಾ? ತಮಾಷೆಗೆ ಕೇಳುತ್ತಿಲ್ಲ. (ಓದುಗರು, ಫ್ರೇಜರ್ ಟೌನ್)

ನಾನು ಗುರುಗಳಲ್ಲ, ಅಂದರೆ ಪಾದ್ರಿಯಲ್ಲ, ಕೆಲವು ವರ್ಷ ಮಕ್ಕಳಿಗೆ ಧರ್ಮೋಪದೇಶ ತರಗತಿ ತೆಗೆದುಕೊಂಡವಳು ಅಷ್ಟೇ. ಯಾವುದು ಎಷ್ಟು ದೊಡ್ಡ ಪಾಪ ಅಂತ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ, ನಿಮ್ಮ ಗುರುಗಳನ್ನೇ ಕೇಳಿ. ಪ್ರಕೃತಿಗೆ ಎಸಗುವ ಅಪರಾಧ ನಮ್ಮ ಮೇಲೆಯೇ ಮಾಡಿಕೊಂಡ ಪಾಪ, ದೇವರ ವಿರುದ್ಧವೂ ಪಾಪ ಅಂತ ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ ಬಾರ್ತಲೋಮಿಯೋ ಹೇಳಿದ್ದನ್ನು ಫ್ರಾನ್ಸಿಸ್ ತಮ್ಮ ಪತ್ರದ ಆರಂಭದಲ್ಲೇ ಎತ್ತಿಕೊಂಡಿದ್ದಾರೆ, ಅಷ್ಟನ್ನು ಮಾತ್ರ ಹೇಳಬಲ್ಲೆ.

ನನ್ನದೇ ಒಂದು ಹೇಳುತ್ತೇನೆ. ಒಂದು ಸಲ ಗಾಜಿನ ಲೋಟ ಒಡೆದಾಗ ಚೂರುಗಳನ್ನು ಸುಮ್ನೆ ಹಸಿ ಕಸದ ಜೊತೆಗೇ ಕವರಿಗೆ ಹಾಕಿಬಿಟ್ಟೆ. ಅವಸರ, ಮಗುವಿನ ಸ್ಕೂಲ್ ವ್ಯಾನ್ ಬಂದಿತ್ತು. ಮಾರನೇ ದಿನ ಕಸದ ಗಾಡಿಯಲ್ಲಿ ಬಂದ ಹೆಂಗಸಿನ ಕೈಗೆ ಬಟ್ಟೆ ಸುತ್ತಿತ್ತು. ಏನಾಯಿತು ಅಂದೆ. ‘ಯಾರೋ ಗಾಜು ಹಾಕವ್ರೆ, ಬುಡಿ ಅಕ್ಕ, ಏನಾಗಕಿಲ್ಲ’ ಅಂದರು. ಆ ಯಾರೋ ನಾನೇ ಅಂತ ಹೇಳುವ ಧೈರ್ಯ ಆಗಲಿಲ್ಲ. ಅದನ್ನು ಪಾಪನಿವೇದನೆಯಲ್ಲಿ ಹೇಳಿದೆ. ಕಸ ಬೇರೆ ಮಾಡದ್ದನ್ನಲ್ಲ, ಬಾಯಿ ಮುಚ್ಚಿಕೊಂಡದ್ದನ್ನು.

ನಮ್ಮ ಮನೆ ಬಾಗಿಲಿನಿಂದ ಹೋದ ಕಸ ಎಲ್ಲಿಗೋ ಹೋಗಲೇಬೇಕಲ್ಲ. ವರ್ಷಗಟ್ಟಲೆ ಅದು ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. ಅಲ್ಲಿನ ಬಾವಿ ನೀರು ಕೆಟ್ಟಿತು, ನೊಣ, ನಾತ. ಹಳ್ಳಿಯವರು ರಸ್ತೆಗಿಳಿದು ಲಾರಿ ತಡೆದ ಮೇಲೆಯೇ ನಮಗೆ ಆ ಊರುಗಳ ಹೆಸರು ಗೊತ್ತಾದದ್ದು. 2012ರಲ್ಲಿ ಮಾವಳ್ಳಿಪುರ ನಿಂತಿತು, ನಗರದೊಳಗೆ ಬೀದಿಬೀದಿಯಲ್ಲಿ ಕಸದ ಗುಡ್ಡ ಎದ್ದಿತು. ಆಮೇಲೆ ಹೈಕೋರ್ಟು ಹೇಳಿ, ಮೂಲದಲ್ಲೇ ಬೇರ್ಪಡಿಸುವುದು ಕಡ್ಡಾಯವಾಯಿತು. ಹಸಿ ಕಸ ಒಂದು, ಒಣ ಕಸ ಒಂದು, ಪ್ಯಾಡು ಡಯಾಪರುಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು. ದಿನಕ್ಕೆ ಎರಡು ನಿಮಿಷದ ಕೆಲಸ. ನಾವು ಮಾಡದಿದ್ದರೆ ಆ ಎರಡು ನಿಮಿಷದ ಕೆಲಸವನ್ನು ಇನ್ನೊಬ್ಬರು ಬರಿಗೈಯಲ್ಲಿ ಮಾಡುತ್ತಾರೆ.

ಪ್ರ: ಹವಾಮಾನ, ಕಾರ್ಬನ್ ಇವೆಲ್ಲ ವಿಜ್ಞಾನಿಗಳ ವಿಷಯ. ಪೋಪ್‌ಗೆ ಇದರಲ್ಲಿ ಏನು ಗೊತ್ತು? (ಇಂಜಿನಿಯರಿಂಗ್ ವಿದ್ಯಾರ್ಥಿ, ಕೆಂಗೇರಿ)

ಫ್ರಾನ್ಸಿಸ್ ಗುರುಗಳಾಗುವ ಮುಂಚೆ ಕೆಮಿಕಲ್ ಟೆಕ್ನಿಷಿಯನ್ ಆಗಿ ತರಬೇತಿ ಪಡೆದಿದ್ದರು, ಆದರೆ ನಾನು ಅದರ ಮೇಲೆ ವಾದ ಕಟ್ಟುವುದಿಲ್ಲ. ವ್ಯಾಟಿಕನ್ನಿಗೆ ತನ್ನದೇ ಒಂದು ವಿಜ್ಞಾನ ಅಕಾಡೆಮಿ ಇದೆ, ಅದಕ್ಕೆ ಸದಸ್ಯರಾಗಲು ಕ್ರೈಸ್ತರಾಗಿರಬೇಕಿಲ್ಲ. ನಮ್ಮ ಬಸವನಗುಡಿಯ ಸಿ.ಎನ್.ಆರ್. ರಾವ್ ಅದರ ಸದಸ್ಯರು! ಇನ್ನೊಬ್ಬರು ವೀರಭದ್ರನ್ ರಾಮನಾಥನ್, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಓದಿ ಅಮೆರಿಕಕ್ಕೆ ಹೋದವರು. ಫ್ರಿಜ್ಜು, ಏಸಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಜೋನ್ ಪದರಕ್ಕೆ ತೊಂದರೆ ಕೊಡುವುದಷ್ಟೇ ಅಲ್ಲ, ಭೂಮಿಯನ್ನು ವಿಪರೀತ ಬಿಸಿಯೂ ಮಾಡುತ್ತವೆ ಅಂತ 1975ರಲ್ಲೇ ಕಂಡುಹಿಡಿದವರು ಅವರು. ಇಂಥವರ ಮಾತು ಕೇಳಿಸಿಕೊಂಡೇ ಪೋಪ್ ಬರೆದಿದ್ದಾರೆ. ಬಿಸಿ ಯಾಕೆ ಏರುತ್ತಿದೆ ಅಂತ ವಿಜ್ಞಾನಿ ಹೇಳಲಿ, ಆ ಬಿಸಿಲಿನಲ್ಲಿ ಯಾರು ನಿಂತಿದ್ದಾರೆ ಅಂತ ಕೇಳುವುದು ಪೋಪರ ಕೆಲಸ. ಇಂಜಿನಿಯರುಗಳೂ ಕೇಳಬಹುದು, ಅಡ್ಡಿಯಿಲ್ಲ.

ಪ್ರ: ಹಾಗಾದರೆ ಮನೆಗೆ ಏಸಿ ಹಾಕಿಸಿದರೆ ತಪ್ಪಾ? (ಓದುಗರು, ಬಾಣಸವಾಡಿ)

ಮನೆಯಲ್ಲಿ ಕಾಯಿಲೆಯವರಿದ್ದರೆ, ತೀರಾ ವಯಸ್ಸಾದವರಿದ್ದರೆ ಹಾಕಿಸಿ, ಯಾರೂ ತಪ್ಪನ್ನುವುದಿಲ್ಲ. ಫ್ರಾನ್ಸಿಸ್ 55ನೇ ಪರಿಚ್ಛೇದದಲ್ಲಿ ಏಸಿಯನ್ನು ಹೆಸರಿಟ್ಟೇ ಉದಾಹರಣೆ ಕೊಟ್ಟರು: ಮಾರುವವರು ಬೇಕು ಅನ್ನಿಸುತ್ತಾ ಹೋಗುತ್ತಾರೆ, ನಾವು ಕೊಳ್ಳುತ್ತಾ ಹೋಗುತ್ತೇವೆ. ನಮ್ಮ ಕೋಣೆಯ ಬಿಸಿಯನ್ನು ಅದು ಎತ್ತಿ ಎದುರುಮನೆಯ ಕಿಟಕಿಗೆ ಊದುತ್ತದೆ, ಆಮೇಲೆ ಅವರೂ ಒಂದು ಹಾಕಿಸುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಈ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರಲಿಲ್ಲ ಅಂದರೆ ನನ್ನ ಮಗಳು ನಂಬುವುದಿಲ್ಲ. ಮೊದಲು ಚಾವಣಿಗೆ ಬಿಳಿ ಬಣ್ಣ ಬಳಿಸಿ ನೋಡಿ.

ಪ್ರ: ಎಲ್ಲಕ್ಕೂ ಮೂಲ ಜನಸಂಖ್ಯೆ. ಅದರ ಬಗ್ಗೆ ಚರ್ಚು ಬಾಯಿ ಬಿಡಲ್ಲ ಯಾಕೆ? (ಓದುಗರು)

ಬಾಯಿ ಬಿಟ್ಟಿದೆ, ನಿಮಗೆ ಇಷ್ಟವಾಗುವ ಮಾತಲ್ಲ. ಕೆಲವರ ಮಿತಿಮೀರಿದ ಬಳಕೆಯನ್ನು ಬಿಟ್ಟು ಜನಸಂಖ್ಯೆಯನ್ನು ದೂರುವುದು ನಿಜವಾದ ಸಮಸ್ಯೆಯಿಂದ ಜಾರಿಕೊಳ್ಳುವ ದಾರಿ ಅಂತ 50ನೇ ಪರಿಚ್ಛೇದ. ಬೆಳೆದ ಆಹಾರದಲ್ಲಿ ಮೂರನೇ ಒಂದು ಭಾಗ ಹಾಳಾಗುತ್ತಿದೆ, ಬಿಸಾಡಿದ ಊಟ ಬಡವರ ತಟ್ಟೆಯಿಂದ ಕದ್ದ ಹಾಗೆ ಅಂತಲೂ ಅಲ್ಲೇ ಇದೆ. ಕುಟುಂಬ ಯೋಜನೆಯ ಬಗ್ಗೆ ಧರ್ಮಸಭೆಯ ನಿಲುವಿಗೆ ಒಪ್ಪದವರು ಬೇಕಾದಷ್ಟು ಜನ, ಕಥೋಲಿಕರಲ್ಲೂ. ಆ ವಾದ ಬೇರೆ ದಿನಕ್ಕಿರಲಿ. ಆದರೆ ಯಾವುದಾದರೂ ಕಲ್ಯಾಣ ಮಂಟಪದ ಹಿಂಬಾಗಿಲಿನಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತು ನೋಡಿದರೆ ಈ 50ನೇ ಪರಿಚ್ಛೇದ ತಪ್ಪು ಅನ್ನುವುದು ಕಷ್ಟ.

ಪ್ರ: ನಮ್ಮ ಧರ್ಮಕೇಂದ್ರದ ಹಬ್ಬದಲ್ಲಿ ಪ್ಲಾಸ್ಟಿಕ್ ಬೇಡ ಅಂದರೆ ಹಿರಿಯರು ‘ಹಬ್ಬ ಹಾಳು ಮಾಡಬೇಡ’ ಅನ್ನುತ್ತಾರೆ. ಹೇಗೆ ಒಪ್ಪಿಸುವುದು? (ಯುವಜನ ಸಂಘದವರು)

ಪರಿಸರ ಅನ್ನಬೇಡಿ, ಸಂಪ್ರದಾಯ ಅನ್ನಿ. ಶಿವಾಜಿನಗರದ ಚರ್ಚಿನ ಮರಿಯಮ್ಮನವರ (ಯೇಸುವಿನ ತಾಯಿ) ಹಬ್ಬ ಸೆಪ್ಟೆಂಬರ್ 8. ಅದೇ ದಿನ ಮಂಗಳೂರು ಕಡೆಯ ಕೊಂಕಣಿ ಕಥೋಲಿಕರಿಗೆ ತೆನೆ ಹಬ್ಬ: ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ, ಹೊಸ ತೆನೆ ಆಶೀರ್ವದಿಸಿ ಮನೆಗೆ ಕೊಂಡೊಯ್ಯುತ್ತಾರೆ, ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಗರಿಗಳ ಭಾನುವಾರದ ಗರಿಯನ್ನು ಎತ್ತಿಟ್ಟು ಮುಂದಿನ ವಿಭೂತಿ ಬುಧವಾರಕ್ಕೆ ಸುಟ್ಟು ಹಣೆಗೆ ಹಚ್ಚುವವರು ನಾವು. ಇದಕ್ಕಿಂತ ಹಳೆಯ ಮರುಬಳಕೆ ಯಾವುದಿದೆ? ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ, ಅಂದರೆ ಸಂತ ಫ್ರಾನ್ಸಿಸರ ಹಬ್ಬದವರೆಗೆ, ಲೋಕದ ಎಷ್ಟೋ ಸಭೆಗಳು ‘ಸೃಷ್ಟಿಯ ಕಾಲ’ ಆಚರಿಸುತ್ತವೆ, ಮರಿಯಮ್ಮನವರ ಹಬ್ಬ ಅದರ ಮಧ್ಯದಲ್ಲೇ ಬೀಳುತ್ತದೆ.

ಹಾಗಂತ ಬರೀ ಬೇಡ ಅನ್ನಬೇಡಿ. ನಮ್ಮಲ್ಲಿ ಒಂದು ವರ್ಷ ನೀರಿನ ಬಾಟಲಿ ನಿಲ್ಲಿಸಿದೆವು, ಬದಲಿಗೆ ಏನಿಡಬೇಕು ಅಂತ ಯಾರೂ ಯೋಚಿಸಲಿಲ್ಲ. ತೇರು ಹೊರಡುವ ಹೊತ್ತಿಗೆ ಬಿಸಿಲಿಗೆ ಒಬ್ಬ ಅಜ್ಜಿ ತಲೆ ಸುತ್ತಿ ಕೂತುಬಿಟ್ಟರು. ‘ಈಗ ಗೊತ್ತಾಯ್ತಾ?’ ಅಂತ ಹಿರಿಯರ ಬಾಯಿಗೆ ಸಿಕ್ಕೆವು. ತಪ್ಪು ನಮ್ಮದೇ. ಮರುವರ್ಷ ದಾರಿಯುದ್ದಕ್ಕೂ ಆರು ಕಡೆ ದೊಡ್ಡ ಡ್ರಮ್ಮು, ಸ್ಟೀಲ್ ಲೋಟ, ತೊಳೆಯಲು ಹುಡುಗರು. ಪಾನಕ, ಮಜ್ಜಿಗೆ ಕೂಡ. ಬಾಟಲಿ ಕೇಳಿದವರೇ ಇಲ್ಲ. ಅಡಿಕೆ ತಟ್ಟೆ ದುಬಾರಿ ಅನ್ನಿಸಿದರೆ ಮುತ್ತುಗದ ಎಲೆ ಕೇಳಿ, ಮಾರ್ಕೆಟ್ಟಿನಲ್ಲಿ ಸಿಗುತ್ತದೆ.

ಪ್ರ: ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷ. ನವೆಂಬರ್ 2ಕ್ಕೆ ಸಮಾಧಿಗೆ ಹೂ ಹಾಕುತ್ತೇನೆ, ಎರಡು ದಿನಕ್ಕೆ ಒಣಗುತ್ತದೆ. ನನಗೆ ಮಂಡಿ ನೋವು, ಮತ್ತೆ ಮತ್ತೆ ಹೋಗಲಾಗುವುದಿಲ್ಲ. ಪ್ಲಾಸ್ಟಿಕ್ ಹೂವಾದರೆ ವರ್ಷವಿಡೀ ಇರುತ್ತದೆ. ನೀವು ಪರಿಸರ ಅಂತ ಬೈಯುತ್ತೀರೇನೋ. (ಓದುಗರು, ಲಿಂಗರಾಜಪುರ)

ಬೈಯುವುದೇ? ಇಲ್ಲಮ್ಮ. ಸಮಾಧಿ ಬರಿದಾಗಿ ಕಾಣಬಾರದು ಅನ್ನುವ ನಿಮ್ಮ ಆಸೆ ದೊಡ್ಡದು. ಆದರೆ ಪ್ಲಾಸ್ಟಿಕ್ ಹೂವೂ ವರ್ಷವಿಡೀ ಇರುವುದಿಲ್ಲ. ನಮ್ಮ ಬಿಸಿಲಿಗೆ ಮೂರು ತಿಂಗಳಲ್ಲಿ ಬಣ್ಣ ಹೋಗಿ, ಪುಡಿಪುಡಿಯಾಗಿ, ಪಕ್ಕದ ಸಮಾಧಿಯ ಮೇಲೆಲ್ಲ ಹರಡಿರುತ್ತದೆ. ನಮ್ಮಪ್ಪನ ಸಮಾಧಿಗೆ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ನಿತ್ಯಪುಷ್ಪ ಗೊತ್ತಲ್ಲ, ಕಾಶಿ ಕಣಗಿಲೆ ಅಂತಲೂ ಅನ್ನುತ್ತಾರೆ, ತಿಳಿ ಗುಲಾಬಿ ಮತ್ತು ಬಿಳಿ ಬಣ್ಣದಲ್ಲಿ ಬರುತ್ತದೆ. ಹೆಸರಿಗೆ ತಕ್ಕ ಹಾಗೆ ವರ್ಷಪೂರ್ತಿ ಬಿಡುತ್ತದೆ, ನೀರು ಜಾಸ್ತಿ ಕೇಳುವುದಿಲ್ಲ, ಎಲೆ ಕಹಿ ಇರುವುದರಿಂದ ದನ, ಆಡು ಬಾಯಿ ಹಾಕುವುದಿಲ್ಲ. ಸಮಾಧಿಯ ಸುತ್ತ ಕಲ್ಲು ಹಾಕಿಸಿದ್ದರೆ ತಲೆಯ ಕಡೆ ಒಂದು ಮಣ್ಣಿನ ಕುಂಡ ಇಡಿ. ನಾಲ್ಕು ಗಿಡ ಸಾಕು. ಮೊದಲ ಹದಿನೈದು ದಿನ ಮಾತ್ರ ಯಾರಾದರೂ ನೀರು ಹಾಕಬೇಕು, ಸ್ಮಶಾನ ನೋಡಿಕೊಳ್ಳುವವರಿಗೆ ಟೀ ಖರ್ಚಿಗೆ ಏನಾದರೂ ಕೊಟ್ಟರೆ ಮಾಡುತ್ತಾರೆ. ನವೆಂಬರಿಗೆ ಹೂವು ಬೇಕು ಅಂದರೆ ಆಗಸ್ಟಿನ ಮಳೆಯಲ್ಲೇ ನೆಟ್ಟುಬಿಡಿ. ಬೀಜ ಅಲ್ಲೇ ಉದುರಿ ಮುಂದಿನ ವರ್ಷ ಅಕ್ಕಪಕ್ಕದವರ ಸಮಾಧಿಯಲ್ಲೂ ಎದ್ದಿರುತ್ತದೆ. ಅವರು ಬೇಡ ಅನ್ನಲಾರರು.